ಈ ಸೀಸನ್ ನಡೆಸಿಕೊಟ್ಟವರಿಗೆ

ಲೀಗ್ ಮುಗಿಯಿತು. 6 ತಂಡ, ಎರಡು ಸುತ್ತು, 30 ಪಂದ್ಯ. ಒಂದನ್ನೂ ಕೈಬಿಡದೆ ಆಡಿ ಮುಗಿಸಿದೆವು. ಕಪ್ ಕೊಟ್ಟಾಯಿತು, ಫೋಟೊ ತೆಗೆಸಿಕೊಂಡಾಯಿತು. ಆ ಫೋಟೊಗಳಲ್ಲಿ ಇರಲೇಬೇಕಾಗಿದ್ದ ಎಷ್ಟೋ ಜನ ಅವುಗಳಲ್ಲಿ ಇಲ್ಲ. ಅವರಿಗೆ ಧನ್ಯವಾದ ಹೇಳಲು ಇಷ್ಟು ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ನಮ್ಮದು ಬೇರೆ ಕಡೆಯಿಂದ ಮೈಸೂರು ಸೀಮೆಗೆ ಬಂದು ನೆಲೆಸಿದವರ ಫುಟ್‌ಬಾಲ್ ಲೀಗ್. ಬೈಲುಕುಪ್ಪೆಯ ಟಿಬೆಟನ್ನರದ್ದು ಒಂದು ತಂಡ, ಮಲಯಾಳಿಗಳದ್ದು ಒಂದು, ಮಣಿಪುರ ಮತ್ತು ಅದರ ಸುತ್ತಲಿನ ರಾಜ್ಯಗಳ ಹುಡುಗರದ್ದು ಒಂದು. ಹೋಟೆಲು, ಬೇಕರಿಗಳ ಅಡುಗೆಮನೆಯಲ್ಲಿ ದುಡಿಯುವ ನೇಪಾಳಿಗಳು ಸೇರಿ ಕಟ್ಟಿಕೊಂಡದ್ದು ಇನ್ನೊಂದು. ಉಳಿದೆರಡು ವಿದೇಶಿ ವಿದ್ಯಾರ್ಥಿಗಳವು: ಆಫ್ರಿಕಾದ ದೇಶಗಳಿಂದ ಬಂದವರದ್ದೊಂದು, ಅಫ್ಘಾನಿಸ್ತಾನ, ಯೆಮನ್ ಕಡೆಯವರದ್ದೊಂದು. ಪಂದ್ಯಗಳ ಪಟ್ಟಿ ಮಾಡುವುದು, ಲೆಕ್ಕ ಬರೆಯುವುದು ನನ್ನ ಪಾಲಿನ ಕೆಲಸ. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲೇ. ಆದರೂ ಈ ಊರಿನಲ್ಲಿ ಯಾರ್‍ಯಾರು ಬದುಕುತ್ತಿದ್ದಾರೆ ಅನ್ನುವುದು ಇವರ ಜೊತೆ ಸೇರಿದ ಮೇಲೆಯೇ ತಿಳಿದದ್ದು. ವಾರವೆಲ್ಲ ಬೇರೆಯವರ ಭಾಷೆಯಲ್ಲಿ ಮಾತಾಡಿ ದಣಿದವನಿಗೆ ಭಾನುವಾರ ತನ್ನ ಭಾಷೆಯಲ್ಲಿ ಕೂಗಿ ಬಾಲ್ ಕೇಳುವುದೇ ದೊಡ್ಡ ಸುಖ. ಆ ಸುಖಕ್ಕಾಗಿ ಇಷ್ಟೆಲ್ಲ ಜನ ಇಷ್ಟೆಲ್ಲ ಪಾಡುಪಟ್ಟರು.

ಮೊದಲು ತಂಡಗಳ ನಾಯಕರಿಗೆ. ದಿನಾಂಕ ಹೊಂದಿಸುವುದರಲ್ಲಿ ಅವರು ತೋರಿಸಿದ ಸಹನೆ ಇಲ್ಲದಿದ್ದರೆ ಪಟ್ಟಿ ಹಾಳೆಯ ಮೇಲೇ ಉಳಿಯುತ್ತಿತ್ತು. ಅಕ್ಟೋಬರ್ ಬಂತೆಂದರೆ ಬೈಲುಕುಪ್ಪೆಯವರಿಗೆ ಸ್ವೆಟರ್ ವ್ಯಾಪಾರ. ಮನೆಯಿಂದ ಒಬ್ಬಿಬ್ಬರಾದರೂ ಗಂಟುಮೂಟೆ ಕಟ್ಟಿಕೊಂಡು ದೂರದ ನಗರಗಳಿಗೆ ಹೊರಡುತ್ತಾರೆ, ಚಳಿಗಾಲ ಕಳೆಯುವ ತನಕ ಹುಡುಗರು ಸಿಗುವುದಿಲ್ಲ. ಅದಕ್ಕೆ ಮುಂಚೆ ಲೀಗ್ ಮುಗಿಯಬೇಕು. ಹೋಟೆಲ್ ಹುಡುಗರಿಗೆ ಭಾನುವಾರ ರಜೆಯಲ್ಲ, ಅಂದೇ ಗಿರಾಕಿ ಹೆಚ್ಚು. ಹಾಗಾಗಿ ಅವರ ಪಂದ್ಯ ಬೆಳಿಗ್ಗೆ ಆರೂವರೆಗೆ ಶುರುವಾಗಬೇಕು, ಹತ್ತರೊಳಗೆ ಅವರು ಒಲೆ ಮುಂದೆ ನಿಂತಿರಬೇಕು. ವಿದ್ಯಾರ್ಥಿಗಳಿಗೆ ಪರೀಕ್ಷೆ, ಮಲಯಾಳಿಗಳಿಗೆ ಓಣಂ. ನೇಪಾಳಿಗಳ ಅನುಕೂಲಕ್ಕಾಗಿ ಟಿಬೆಟನ್ ತಂಡ ನಸುಕಿನ ನಾಲ್ಕು ಗಂಟೆಗೇ ಟೆಂಪೊ ಹತ್ತಿ ಸುಮಾರು 80 ಕಿ.ಮೀ. ಬಂದು ಆಡಿದೆ. ಬಂದವರು ಕಣ್ಣುಜ್ಜಿಕೊಳ್ಳುತ್ತಾ ಇಳಿಯುತ್ತಿದ್ದರೇ ಹೊರತು ಒಬ್ಬನೂ ಗೊಣಗಿದ್ದು ನಾನು ಕೇಳಲಿಲ್ಲ.

ಮೈದಾನ ಸಿದ್ಧ ಮಾಡಿಕೊಡುತ್ತಿದ್ದ ಯಜಮಾನರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಆಟಗಾರರು ಬರುವಷ್ಟರಲ್ಲಿ ಅವರ ಕೆಲಸ ಮುಗಿದಿರುತ್ತದೆ, ಅದಕ್ಕೇ ಆ ಕೆಲಸ ಕಂಡವರು ಕಡಿಮೆ. ನಾಲ್ಕು ಮೂಲೆಗೆ ಗೂಟ ಹೊಡೆದು ಹುರಿ ಎಳೆಯುತ್ತಾರೆ. ಮೂಲೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಅವರ ಹತ್ತಿರ ಗಂಟು ಹಾಕಿದ ಹಗ್ಗವೊಂದಿದೆ. ಒಂದು ಗೆರೆಯ ಮೇಲೆ 3 ಮೀಟರ್, ಇನ್ನೊಂದರ ಮೇಲೆ 4 ಮೀಟರ್ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಹಗ್ಗ ಹಿಡಿದಾಗ 5 ಮೀಟರ್ ಬಂದರೆ ಮೂಲೆ ಮಟ್ಟಸ. ಅವರ ತಂದೆ ಗಾರೆ ಕೆಲಸದವರು, ಪಾಯ ಗುರುತು ಹಾಕುವಾಗ ನೋಡಿ ಕಲಿತದ್ದಂತೆ. ಆಮೇಲೆ ನಟ್ಟನಡುವೆ ಒಂದು ಗೂಟ ನೆಟ್ಟು, 9.15 ಮೀಟರಿನ ಹಗ್ಗ ಬಿಗಿಹಿಡಿದು, ಬಗ್ಗಿ ಸುಣ್ಣದ ಪುಡಿ ಉದುರಿಸುತ್ತಾ ಒಂದು ಸುತ್ತು ಬರುತ್ತಾರೆ. ಗೋಲ್‌ಕಂಬಗಳ ನಡುವಿನ 7.32 ಮೀಟರನ್ನು ಪ್ರತಿ ವಾರವೂ ಹೊಸದಾಗಿ ಅಳೆಯುತ್ತಾರೆ. ಪ್ರತಿ ವಾರ ಏಕೆ ಎಂದು ಕೇಳಿದೆ. "ಮಳೆಗೆ ಮಣ್ಣು ಸಡಿಲ ಆಯ್ತದೆ ಸ್ವಾಮಿ, ಕಂಬ ವಾಲ್ತದೆ" ಅಂದರು. ಜೋರು ಮಳೆಗೆ ಗೆರೆಗಳು ಕೊಚ್ಚಿಹೋದ ದಿನ ಆಟದ ವಿರಾಮದಲ್ಲಿ ಮತ್ತೆ ಎಳೆದುಕೊಟ್ಟರು. ಬಾಲ್ ಗೆರೆ ದಾಟಿತೋ ಇಲ್ಲವೋ ಎಂಬ ಜಗಳ ಇಡೀ ಸೀಸನ್‌ನಲ್ಲಿ ಆಗಲಿಲ್ಲ. ಯಜಮಾನರೇ, ಅದು ನಿಮ್ಮ ಹಗ್ಗದ ಪುಣ್ಯ.

ಸೀಸನ್ ನಡುವೆ ನಮಗೆ ಆ ಮೈದಾನ ತಪ್ಪಿಹೋಯಿತು. ದಸರೆ ಹತ್ತಿರ ಬಂದಂತೆ ಮೈಸೂರಿನ ಬಯಲುಗಳಿಗೆಲ್ಲ ಬೇರೆ ಬೇರೆ ಕೆಲಸ ಬೀಳುತ್ತದೆ, ಈ ಸಲ ನಾವು ಎಣಿಸಿದ್ದಕ್ಕಿಂತ ಬೇಗ ಬಿತ್ತು. ಅರ್ಧ ಲೀಗ್ ಬಾಕಿ ಇತ್ತು. ಬಾಡಿಗೆ ಟರ್ಫ್ ಹಿಡಿಯುವಷ್ಟು ದುಡ್ಡು ನಮ್ಮಲ್ಲಿಲ್ಲ, ಹಿಡಿದರೂ ಅಲ್ಲಿ ಹನ್ನೊಂದು ಜನರ ಆಟಕ್ಕೆ ಜಾಗ ಸಾಲದು. ಇನ್ನು ಇಲ್ಲಿಗೇ ನಿಲ್ಲಿಸೋಣ ಎಂಬ ಮಾತು ಬಂದಾಗ ಬೈಲುಕುಪ್ಪೆ ತಂಡದ ಹಿರಿಯರು ಫೋನ್ ಮಾಡಿ, "ಎಲ್ಲರೂ ನಮ್ಮಲ್ಲಿಗೆ ಬನ್ನಿ, ಊಟವೂ ನಮ್ಮದೇ" ಅಂದರು.

1961ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಅಂದಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತ್ತು. ಕಾಡು ಕಡಿದು, ಆನೆಗಳ ಕಾಟ ಸಹಿಸಿಕೊಂಡು, ಅಲ್ಲಿ ಮುಸುಕಿನ ಜೋಳ ಬೆಳೆದರು. 1969ರಲ್ಲಿ ಪಕ್ಕದಲ್ಲೇ ಇನ್ನೊಂದು ವಸತಿ ಆಯಿತು. ಫುಟ್‌ಬಾಲ್ ಅಂದರೆ ಅಲ್ಲಿ ಪ್ರಾಣ. ದಲೈ ಲಾಮಾ ಅವರ ತಾಯಿಯ ನೆನಪಿನ ಚಿನ್ನದ ಕಪ್‌ಗಾಗಿ ಟಿಬೆಟನ್ ವಸತಿಗಳ ತಂಡಗಳು ಸೆಣಸುವುದು 1981ರಿಂದ ನಡೆದುಬಂದಿದೆ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಟಿಬೆಟ್ ತಂಡ ಗ್ರೀನ್‌ಲ್ಯಾಂಡ್ ಎದುರು ಆಡಿ 4–1ರಲ್ಲಿ ಸೋತಿತು. ಫಿಫಾ ಪಟ್ಟಿಯಲ್ಲಿ ಹೆಸರಿಲ್ಲದ ತಂಡ ತನ್ನ ಬಾವುಟದಡಿ ಮೈದಾನಕ್ಕಿಳಿದ ಆ ದಿನದ ಬಗ್ಗೆ ಅಲ್ಲಿನ ಹಿರಿಯರು ಮಾತಾಡುವಾಗ ಸೋಲಿನ ಪ್ರಸ್ತಾಪವೇ ಬರುವುದಿಲ್ಲ. ಅರವತ್ತು ವರ್ಷದ ಹಿಂದೆ ನಮ್ಮ ನಾಡಿನಿಂದ ಜಾಗ ಪಡೆದವರು ಈ ವರ್ಷ ನಮಗೇ ಜಾಗ ಕೊಟ್ಟರು. ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಅಲ್ಲಿ ಆಡಿದ ಭಾನುವಾರಗಳನ್ನು ಮರೆಯುವ ಹಾಗಿಲ್ಲ. ಕೊಡಗಿನ ಪಕ್ಕದ ಊರು, ಮಳೆ ಹಿಡಿದರೆ ಬಿಡುವುದಿಲ್ಲ. ನಾವು ಬಸ್ಸಿಳಿದು ಹೋಗುವ ಹೊತ್ತಿಗೆ ಶಾಲೆಯ ಮಕ್ಕಳು ಮೈದಾನದಲ್ಲಿ ನಿಂತ ನೀರನ್ನು ಗೋಣಿಚೀಲದಲ್ಲಿ ಒತ್ತಿ ಒತ್ತಿ ಹಿಂಡುತ್ತಿದ್ದರು. ಗೆರೆಯಾಚೆ ಕೊಡೆ ಹಿಡಿದ ಸನ್ಯಾಸಿಗಳು, ಜಪಮಣಿ ಎಣಿಸುತ್ತಾ ಕೂತ ಅಜ್ಜಿಯರು. ಆ ಅಜ್ಜಿಯರು ತಮ್ಮ ಹುಡುಗರಿಗೆ ಕೂಗಿದಷ್ಟೇ ಮಣಿಪುರದ ಹುಡುಗರಿಗೂ ಕೂಗಿದರು. ಪಂದ್ಯ ಮುಗಿದ ಮೇಲೆ ಬಿಸಿ ಥುಕ್ಪಾ, ಅಂದರೆ ಅವರ ನೂಡಲ್ಸ್ ಸಾರು. ಕೆಸರಾದ ಬೂಟುಗಳನ್ನು ಯಾರೋ ಕೇಳದೆಯೇ ಒಲೆ ಪಕ್ಕ ಸಾಲಾಗಿ ಇಟ್ಟಿರುತ್ತಿದ್ದರು.

ಒಂದು ತೊಡಕಿತ್ತು. ಆ ವಸತಿಗೆ ವಿದೇಶಿಯರು ಹೋಗಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಪತ್ರ ಬೇಕು, ಅದು ನಿಂತ ಕಾಲಿನಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ವಿದೇಶಿ ವಿದ್ಯಾರ್ಥಿಗಳ ಎರಡು ತಂಡಗಳ ಪಂದ್ಯಗಳನ್ನು ಹುಣಸೂರಿನಲ್ಲಿ ಆಡಿಸಿದೆವು. ಮೈದಾನ ಬಿಟ್ಟುಕೊಟ್ಟ ಶಾಲೆಯವರಿಗೆ, ಬಲೆಯ ಮೂಟೆಗೆ ಡ್ರೈವರ್ ಹಿಂದೆ ಜಾಗ ಮಾಡಿಕೊಟ್ಟ ಬಸ್ ಕಂಡಕ್ಟರ್ ಅಣ್ಣಂದಿರಿಗೆ ನಮಸ್ಕಾರ.

ರೆಫ್ರಿ ಮೇಷ್ಟ್ರು ಮಂಡ್ಯದವರು, ಪಿ.ಟಿ. ಮೇಷ್ಟ್ರಾಗಿ ನಿವೃತ್ತರು. ಮೈಸೂರಿನ ಪಂದ್ಯಗಳಿಗೆ ಪುಷ್‌ಪುಲ್ ರೈಲಿನಲ್ಲಿ ಬರುತ್ತಿದ್ದರು, ಒಂದು ಚೀಲದಲ್ಲಿ ಸೀಟಿ, ಕಾರ್ಡು, ಇನ್ನೊಂದರಲ್ಲಿ ಆಲೆಮನೆಯ ಉಂಡೆ ಬೆಲ್ಲ ಮತ್ತು ಹುರಿದ ಕಡಲೆಕಾಯಿ. ಮಲಯಾಳಿ ಹುಡುಗರಲ್ಲಿ ಹೆಚ್ಚಿನವರು ಮಲಬಾರಿನ ಸೆವೆನ್ಸ್ ಆಡಿ ಬೆಳೆದವರು. ಏಳು ಜನರ ಆ ಆಟದಲ್ಲಿ ಆಫ್‌ಸೈಡ್ ಇಲ್ಲ, ಅಂದರೆ ಎದುರಾಳಿಯ ರಕ್ಷಕರನ್ನು ದಾಟಿ ಮುಂದೆ ನಿಂತು ಪಾಸ್ ಪಡೆಯಬಾರದೆಂಬ ನಿಯಮವಿಲ್ಲ. ಮೊದಲ ಎರಡು ಪಂದ್ಯಗಳಲ್ಲಿ ಅವರ ಗೋಲುಗಳು ಒಂದರ ಹಿಂದೊಂದು ರದ್ದಾದಾಗ ಮುಖ ಸಪ್ಪಗಾಗಿತ್ತು. ಮೇಷ್ಟ್ರು ಅವರನ್ನು ಕೂರಿಸಿಕೊಂಡು ಕಲ್ಲುಬೆಂಚಿನ ಮೇಲೆ ಹುಣಿಸೆಬೀಜ ಜೋಡಿಸಿ, ಪಾಸ್ ಕಾಲು ಬಿಡುವ ಗಳಿಗೆಯಲ್ಲಿ ಯಾರು ಎಲ್ಲಿರಬೇಕು ಎಂದು ಬೀಜ ಸರಿಸಿ ಸರಿಸಿ ತೋರಿಸಿದರು. ಹಳದಿ ಕಾರ್ಡ್ ತೋರಿಸಿದ ಹುಡುಗನನ್ನು ಪಂದ್ಯ ಮುಗಿದ ಮೇಲೆ ಹುಡುಕಿ ಕರೆದು ಕೈಗೆ ಬೆಲ್ಲ ಇಡುವುದು ಅವರ ಪದ್ಧತಿ. 1968–69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ, ಅಂದರೆ ರಾಜ್ಯಗಳ ನಡುವಿನ ಫುಟ್‌ಬಾಲ್ ಕಪ್, ಗೆದ್ದಾಗ ಅವರಿನ್ನೂ ಸ್ಕೂಲ್ ಹುಡುಗ. ಆಮೇಲೆ ನಮ್ಮ ರಾಜ್ಯ ಅದನ್ನು ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ಆ ಎರಡು ಕಪ್‌ಗಳ ನಡುವಿನ ಆಯಸ್ಸನ್ನೆಲ್ಲ ಮಕ್ಕಳಿಗೆ ಆಟ ಕಲಿಸುವುದರಲ್ಲೇ ಕಳೆದವರು ನಮ್ಮ ಮೇಷ್ಟ್ರು. ಮಣಿಪುರಿ ಮತ್ತು ಮಲಯಾಳಿ ತಂಡಗಳು ಎದುರಾದ ದಿನ ಎರಡೂ ಕಡೆಯವರು 2002–03ರ ಸಂತೋಷ್ ಟ್ರೋಫಿ ಫೈನಲ್ ಎತ್ತಿಕೊಂಡು ಮಾತಿಗೆ ಮಾತು ಬೆಳೆಸಿದ್ದರು. ಅದರಲ್ಲಿ ಮಣಿಪುರ ಕೇರಳವನ್ನು ಸೋಲಿಸಿತ್ತು. ಅಷ್ಟು ಕಾವೇರಿದ ಪಂದ್ಯವನ್ನು ಮೇಷ್ಟ್ರು ಒಂದೇ ಒಂದು ಕಾರ್ಡ್ ತೆಗೆಯದೆ ಮುಗಿಸಿದರು.

ಎಲ್ಲಕ್ಕಿಂತ ಕಷ್ಟದ ದಿನ ಬಂದದ್ದು ಮೊದಲ ಸುತ್ತಿನಲ್ಲೇ. ನೇಪಾಳಿ ತಂಡದ ಗೋಲ್‌ಕೀಪರ್ ಮತ್ತು ಎದುರು ತಂಡದ ಫಾರ್ವರ್ಡ್ ಒಂದೇ ಬಾಲಿಗೆ ನುಗ್ಗಿದರು. ಯಾರದ್ದೂ ತಪ್ಪಲ್ಲ. ಮೊಣಕಾಲ ಕೆಳಗಿನ ಮೂಳೆ ಮುರಿದ ಸದ್ದು ಗೆರೆಯಾಚೆ ನಿಂತವರಿಗೂ ಕೇಳಿಸಿತು. ತಮ್ಮನ ಆಟ ನೋಡಲು ಬಂದಿದ್ದ ಮಲಯಾಳಿ ನರ್ಸ್ ಒಬ್ಬರು ಓಡಿಬಂದು, ಯಾರೂ ಕಾಲು ಮುಟ್ಟಕೂಡದು ಎಂದು ಗದರಿ, ಎರಡು ಕಾರ್ನರ್ ಬಾವುಟಗಳ ಕೋಲು ಕೀಳಿಸಿ, ಕಾಲಿನ ಎರಡು ಬದಿಗೆ ಇಟ್ಟು ಜೆರ್ಸಿಗಳಿಂದ ಕಟ್ಟಿದರು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಆ ಕಟ್ಟು ನೋಡಿ, ಕಟ್ಟಿದವರು ಯಾರು ಎಂದು ವಿಚಾರಿಸಿದರು. ಚೇಚಿ, ನೀವು ಅಲ್ಲಿ ಇಲ್ಲದೇ ಇದ್ದಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕಾಲಿಗೆ ರಾಡ್ ಹಾಕಬೇಕಾಯಿತು. ನೇಪಾಳದ ಹುಡುಗ, ಇಲ್ಲಿನ ರೇಷನ್ ಕಾರ್ಡ್ ಇಲ್ಲ, ಆರೋಗ್ಯ ಕಾರ್ಡ್ ಇಲ್ಲ. ಮುಂದಿನ ಭಾನುವಾರ ಒಂದು ಹೆಲ್ಮೆಟ್ ಹಿಡಿದು ಜನರ ನಡುವೆ ಹೊರಟೆವು. ಮೊದಲು ದುಡ್ಡು ಹಾಕಿದವನು ಅಫ್ಘನ್ ವಿದ್ಯಾರ್ಥಿ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಅವನಿಗೆ ಮನೆಯಿಂದ ಹಣ ಬರುವುದು ನಿಂತುಹೋಗಿತ್ತು, ಆ ತಿಂಗಳುಗಳಲ್ಲಿ ಊಟ ಹಾಕಿದವರು ಇದೇ ಊರಿನ ಗೆಳೆಯರು. ಡಿಕ್ಕಿಯಾದ ಆಫ್ರಿಕನ್ ತಂಡದ ಹುಡುಗ ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಮಲಗುತ್ತಿದ್ದ, ಕೊನೆಗೆ ನರ್ಸ್‌ಗಳೇ ಅವನನ್ನು ಮನೆಗೆ ಕಳಿಸಬೇಕಾಯಿತು. ಗೋಲ್‌ಕೀಪರ್ ಕೆಲಸ ಮಾಡುವ ಹೋಟೆಲ್ ಮಾಲೀಕರು ಸಂಬಳ ನಿಲ್ಲಿಸಲಿಲ್ಲ. ಕೂತು ಮಾಡುವ ಕೆಲಸ ಕೊಡುತ್ತೇನೆ, ತರಕಾರಿ ಹೆಚ್ಚಿಕೊಂಡಿರಲಿ ಅಂದರು. ಅಣ್ಣಾವ್ರೇ, ಅವನ ತಾಯಿ ಫೋನಿನಲ್ಲಿ ನಿಮಗೆ ಹೇಳಿದ್ದು ಭಾಷೆ ಬಾರದೆ ನಿಮಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ನಿಮ್ಮ ಮನೆ ತಣ್ಣಗಿರಲಿ ಅಂದರು.

ಇನ್ನೊಬ್ಬರಿದ್ದಾರೆ. ಮಣಿಪುರಿ ಹುಡುಗರು ಬಾಡಿಗೆಗಿರುವ ಮನೆಯ ಅಜ್ಜಿ. ಪ್ರತಿ ಪಂದ್ಯಕ್ಕೂ ಕೊಡದ ತುಂಬ ಮಜ್ಜಿಗೆ ಕಳಿಸಿದವರು. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆಂಬ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರಲ್ಲ, ಮೈಸೂರಿನಿಂದಲೂ ಹೋದವರಿದ್ದರು. ಹಾಗೆ ಹೋದ ಒಬ್ಬರು ಈಗ ಆ ತಂಡದ ಕೋಚ್. ತಿರುಗಿ ಏಕೆ ಬಂದಿರಿ ಎಂದು ಕೇಳಿದರೆ, ಅಜ್ಜಿ ಫೋನ್ ಮಾಡಿ "ಬಾರೋ ಮಗ, ನಿನ್ನ ರೂಮು ಯಾರಿಗೂ ಕೊಟ್ಟಿಲ್ಲ" ಅಂದದ್ದಕ್ಕೆ ಅನ್ನುತ್ತಾರೆ. ಈಗ ಆ ಮನೆಯಲ್ಲಿರುವ ಹುಡುಗರಲ್ಲಿ ಕೆಲವರು 2023ರ ಮೇ ತಿಂಗಳ ಗಲಭೆ ಶುರುವಾದಾಗಿನಿಂದ ತಮ್ಮ ಹಳ್ಳಿ ನೋಡಿಲ್ಲ. ಅಜ್ಜಿ, ನಿಮ್ಮ ಕಾಲಿಗೆ ನಮಸ್ಕಾರ.

ಕಪ್ ಆಫ್ರಿಕನ್ ವಿದ್ಯಾರ್ಥಿಗಳ ಪಾಲಾಯಿತು, ನ್ಯಾಯವಾಗಿ ಗೆದ್ದರು. ಚುರುಮುರಿ ಗಾಡಿಯಣ್ಣ, ಜೆರ್ಸಿ ಹೊಲಿದುಕೊಟ್ಟ ಟೈಲರ್, ಹರಿದ ಬಲೆ ಹೆಣೆದುಕೊಟ್ಟ ಮೀನುಗಾರ ಅಣ್ಣ, ನಿಮಗೆಲ್ಲ ವಂದನೆ.

ಹೆಲ್ಮೆಟ್‌ನಲ್ಲಿ ಬಂದ ಹಣದಲ್ಲಿ ಆಸ್ಪತ್ರೆಯ ಖರ್ಚು ಕಳೆದು ಉಳಿದದ್ದನ್ನು ಗೋಲ್‌ಕೀಪರ್‌ನ ಫಿಸಿಯೋಥೆರಪಿಗೆ ಎತ್ತಿಟ್ಟಿದ್ದೇವೆ. ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ, ಯಾರು ಬೇಕಾದರೂ ಬಂದು ನೋಡಬಹುದು. ವ್ಯಾಪಾರಕ್ಕೆ ಹೊರಟಿರುವ ಬೈಲುಕುಪ್ಪೆಯವರಿಗೆ ಈ ಚಳಿಗಾಲ ಒಳ್ಳೆಯದಾಗಲಿ. ನಿಮ್ಮ ಹೊಸ ವರ್ಷದ ಲೋಸಾರ್ ಹಬ್ಬ ಮುಗಿಸಿಕೊಂಡು ಬನ್ನಿ, ಮುಂದಿನ ವರ್ಷದ ದಿನಾಂಕಗಳನ್ನು ಕೂತು ಗೊತ್ತುಮಾಡೋಣ.