ಹೊರಡೋ ಮುಂಚೆ ಇದನ್ನ ಓದು ಪುಟ್ಟಿ

ಪುಟ್ಟಿ,

ಭಾನುವಾರ ಮ್ಯಾಂಚೆಸ್ಟರಿಗೆ ಹೊರಡ್ತೀಯ. ನಿನ್ನ ವೇಪ್, ಅದೇ ತಂಬಾಕಿನ ಚಟ ಹಿಡಿಸೋ ನಿಕೋಟಿನ್ನನ್ನ ಆವಿ ಮಾಡಿ ಎಳೆಯೋ ಬ್ಯಾಟರಿ ಸಾಧನ, ಅದರ ಬಗ್ಗೆ ಮೊನ್ನೆ ರಾತ್ರಿ ಆಡಿದ್ದನ್ನೆಲ್ಲ ಮತ್ತೆ ಎತ್ತಲ್ಲ. ಅದರಿಂದ ಸಿಗರೇಟಿಗೆ ಹೋಗ್ತೀಯ ಅಂತ ನಾನು ದನಿ ಏರಿಸಿದ್ದು ನಿನಗೆ ನೋವಾಯ್ತು, ಅದಕ್ಕೆ ಬೇಜಾರಿದೆ. ಆದರೆ ಬಾಗಿಲು ಹಾಕ್ಕೊಳ್ಳೋ ಮುಂಚೆ "ಈ ವಯಸ್ಸಲ್ಲಿ ಯಾರಪ್ಪ ಹೊಸದಾಗಿ ಸಿಗರೇಟು ಹಿಡೀತಾರೆ" ಅಂದೆಯಲ್ಲ, ಆ ಮಾತು ತಲೆಯಿಂದ ಹೋಗ್ತಿಲ್ಲ.

ನಿನ್ನ ಚಿಕ್ಕಪ್ಪ ಹಿಡಿದ ಕಣವ್ವ. ಮೂವತ್ತು ದಾಟಿತ್ತು, ಮದುವೆ ಆಗಿತ್ತು, ಬೀಡಿ ವಾಸನೆ ಬಂದರೆ ಎದ್ದು ಹೋಗ್ತಿದ್ದೋನು. ಆಲೆಮನೇಲಿ ರಾತ್ರಿ ಕೆಲಸ. ನಿದ್ದೆ ತಡೆಯೋಕೆ ಅಂತ ಯಾರೋ ಎಲೆ ಅಡಿಕೆ ಜೊತೆ ಕಡ್ಡಿಪುಡಿ ತಂಬಾಕು ಕೊಟ್ಟರು. ಹೊಗೆ ಇಲ್ಲವಲ್ಲ, ಏನಾಗುತ್ತೆ ಅಂದ. ನೀನೂ ಅದನ್ನೇ ಅಂದೆ. ಪಾಕ ನೋಡುವಾಗ ಬಾಯಿ ತುಂಬ ಎಲೆ ಇದ್ದರೆ ಆಳುಗಳಿಗೆ ಕೂಗಿ ಹೇಳೋಕಾಗಲ್ಲ ಅಂತ ಒಂದು ರಾತ್ರಿ ಬೀಡಿ ಹಚ್ಚಿದ. ನಾನು ಪಕ್ಕದಲ್ಲೇ ಕೂತಿದ್ದೆ. ಹೊಸಬರಿಗೆ ಬರೋ ತಲೆಸುತ್ತು ಅವನಿಗೆ ಬರಲೇ ಇಲ್ಲ. ಮೈ ಆಗಲೇ ನಿಕೋಟಿನ್‌ಗೆ ಒಗ್ಗಿಹೋಗಿತ್ತು.

ವೇಪ್ ಎಳೆದೋರು ಸಿಗರೇಟಿಗೆ ಹೋಗ್ತಾರೆ ಅಂತ ಎಲ್ಲಿದೆ ಅಂತ ನೀನು ಕೇಳಿದ ಮೇಲೆ ಹುಡುಕಿ ಓದಿದೆ. 2017ರಲ್ಲಿ ಅಮೆರಿಕದ ಸಂಶೋಧಕರು ಒಂಬತ್ತು ಅಧ್ಯಯನಗಳನ್ನ ಒಟ್ಟಿಗೆ ಹಾಕಿ ನೋಡಿದರು. 14ರಿಂದ 30 ವಯಸ್ಸಿನ, ಸಿಗರೇಟು ಮುಟ್ಟದವರು. ವೇಪ್ ಎಳೆದು ನೋಡಿದ್ದವರಲ್ಲಿ ಆಮೇಲೆ ಸಿಗರೇಟು ಶುರು ಮಾಡಿದವರು ಶೇ. 30ರಷ್ಟು, ಎಳೆಯದವರಲ್ಲಿ ಶೇ. 8ರಷ್ಟು. ವೇಪೇ ಕಾರಣವೋ, ಅವರ ಸ್ವಭಾವವೇ ಹಾಗಿತ್ತೋ ಅಂತ ಕೇಳ್ತೀಯ. ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನಲ್ಲಿ ವೇಪ್ ಹೆಚ್ಚಾದ ವರ್ಷಗಳಲ್ಲೇ ಸಿಗರೇಟು ಸೇದೋರು ಕಮ್ಮಿಯಾದರು, ಅದೂ ನಿಜ. ದೇಶದ ಲೆಕ್ಕ ಇಟ್ಕೊಂಡು ನಾನೇನು ಮಾಡಲಿ, ನನಗಿರೋಳು ನೀನೊಬ್ಬಳು.

ಮಂಡ್ಯದಿಂದ ದಿನಾ ರೈಲಲ್ಲಿ ಮೈಸೂರಿಗೆ ಹೋಗಿ ಓದಿ, ಯಾರ ಶಿಫಾರಸೂ ಇಲ್ಲದೆ ಈ ಸೀಟು ಗಿಟ್ಟಿಸಿಕೊಂಡೋಳು ನೀನು. ಅದನ್ನ ಊರೆಲ್ಲ ಹೇಳ್ಕೊಂಡು ಬಂದಿದ್ದೀನಿ. ಇಲ್ಲಿ 2019ರಿಂದ ವೇಪ್ ಮಾರಾಟಕ್ಕೆ ಕಾನೂನಿನ ತಡೆ ಇದೆ. ಅಲ್ಲಿ ಅಂಗಡೀಲೇ ಸಿಗುತ್ತೆ. ಚಳಿ, ಪರೀಕ್ಷೆ, ಒಂಟಿತನ. ಒಂದಿನ ನಿನ್ನದರ ಚಾರ್ಜು ಮುಗಿದಿರುತ್ತೆ, ಗೆಳತಿ ಒಂದು ಸಿಗರೇಟು ನೀಡ್ತಾಳೆ. ಚಿಕ್ಕಪ್ಪನಿಗೂ ಆ ರಾತ್ರಿ ಹೀಗೇ ಯಾರೋ ನೀಡಿದ್ದರು. ಕೊನೆಗಾಲದಲ್ಲಿ ಅವನು ಉಸಿರಿಗೆ ಪಟ್ಟ ಪಾಡು ನಿನಗೂ ಗೊತ್ತು, ಬರೆಯಲ್ಲ.

ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ ಹೇಳಿರೋದೂ ಇದೇ: ಸಿಗರೇಟು ಸೇದೋರಿಗೆ ವೇಪ್ ಅದಕ್ಕಿಂತ ಕಮ್ಮಿ ಅಪಾಯ, ಸೇದದವರು ಅದನ್ನ ಮುಟ್ಟಲೇಬಾರದು. ನಿಂಗೆ ಪಾಠ ಹೇಳಬಾರದು ಅಂತಲೇ ಕೂತೆ, ಪಾಠವೇ ಆಯ್ತು.

ನಿನ್ನ ವೇಪಿನ ಡಬ್ಬಿ ಮೇಲೆ ನಿಕೋಟಿನ್ ಎಷ್ಟು ಅಂತ ಬರೆದಿದೆ ನೋಡಿ ತಿಳಿಸು. ಅಲ್ಲಿನ ಕಾನೂನಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟಬಾರದು. ಬೆಳಗ್ಗೆ ಎದ್ದ ತಕ್ಷಣ ಅದು ಬೇಕು ಅನಿಸುತ್ತಾ, ಅದನ್ನೂ ನಿಜ ಹೇಳು. ಬೈಯಲ್ಲ. ಅಮ್ಮನಿಗೂ ಹೇಳಲ್ಲ.

ನಿನ್ನ ಅಪ್ಪ