ಮಕ್ಕಳನ್ನು ಕಸದ ಹತ್ತಿರ ಕರೆದೊಯ್ಯುವ ಮುಂಚೆ

ಚಿಕ್ಕಮಗಳೂರು
ನವೆಂಬರ್ ಕೊನೆಯ ವಾರ

ಪ್ರೀತಿಯ ಮಗಳೇ,

ಏಳನೇ ಕ್ಲಾಸಿನ ನಲವತ್ತು ಮಕ್ಕಳನ್ನು ಡಿಸೆಂಬರಿನಲ್ಲಿ ಹೊರಗೆ ಕರೆದುಕೊಂಡು ಹೋಗಿ, ಕಸದ ಪಾಠವನ್ನು ಅವರ ಕೈಯಿಂದಲೇ ಮಾಡಿಸಬೇಕು ಎಂದು ಬರೆದಿದ್ದೀಯ. ಓದಿ ತುಂಬ ಸಂತೋಷವಾಯಿತು. ನಿನ್ನ ಪಟ್ಟಿಯಲ್ಲಿ ಐದು ಜಾಗ ಇವೆ. ಎರಡು ಸಾಕು: ಊರಿನ ಕಸವನ್ನು ತಂದು ಬೇರ್ಪಡಿಸುವ ನಿಮ್ಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣ, ಆಮೇಲೆ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ, ನಡೆಯುತ್ತಿರುವ ಒಂದು ಕಾಫಿ ತೋಟ. ಐದು ಕಡೆ ಇಳಿದು ಹತ್ತಿದರೆ ಕೈ ಹಾಕುವುದಕ್ಕೆ ಹೊತ್ತೇ ಉಳಿಯುವುದಿಲ್ಲ. ಎರಡೂ ಕಡೆ ತೋರಿಸಬೇಕಾದ ಸಂಗತಿಯೂ ಒಂದೇ. ಬೇರೆ ಬೇರೆ ಇದ್ದಾಗ ಬೆಲೆ ಇರುವ ಪದಾರ್ಥ, ಬೆರೆತ ಗಳಿಗೆಯಿಂದ ಕಸ. ಆ ಬೆರೆಯುವ ಜಾಗ ಯಾವುದು ಎಂದು ಮಕ್ಕಳು ಗುರುತಿಸಬೇಕು.

ಕೆಲಸ ಒಂದು ವಾರ ಮೊದಲೇ, ಶಾಲೆಯಲ್ಲೇ ಶುರುವಾಗಲಿ. ತೂಗುಹಾಕುವ ಸ್ಪ್ರಿಂಗ್ ತಕ್ಕಡಿ ಒಂದು, ಬಕೆಟ್ ಎರಡು, ಗೋಣಿಚೀಲ ಎರಡು ಬೇಕು. ಖಾಲಿ ಬಕೆಟ್ ತೂಗಿ ಅದರ ಮೇಲೆಯೇ ಬರೆಸು, ಇಲ್ಲದಿದ್ದರೆ ಪ್ರತಿದಿನ ಒಂದು ಕೆಜಿ ಲೆಕ್ಕ ತಪ್ಪುತ್ತದೆ. ಬಿಸಿಯೂಟದ ಉಳಿಕೆಯನ್ನು ಒಂದು ಬಕೆಟ್ಟಿಗೆ, ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಸಿಪ್ಪೆ, ತರಕಾರಿ ತುಂಡನ್ನು ಇನ್ನೊಂದಕ್ಕೆ ಹಾಕಿಸು. ಒಣ ಕಾಗದ ಒಂದು ಚೀಲ, ಪ್ಲಾಸ್ಟಿಕ್ ಇನ್ನೊಂದು ಚೀಲ. ಚಾಕಲೇಟ್ ಸಿಪ್ಪೆ, ಚಿಪ್ಸ್ ಪ್ಯಾಕೆಟ್ಟನ್ನು ತೂಗಲು ಹೋಗಬೇಡ, ಮುಳ್ಳು ಅಲ್ಲಾಡುವುದೇ ಇಲ್ಲ. ಅವನ್ನು ಎಣಿಸಬೇಕು. ಹಸಿಯದು ತೂಕ, ಪ್ಲಾಸ್ಟಿಕ್ಕಿನದು ಎಣಿಕೆ ಎಂದು ಬೋರ್ಡಿನಲ್ಲಿ ಎರಡು ಕಾಲಂ ಹಾಕು.

ಅನ್ನದ ತೂಕದ ಮೇಲೆ ಒಂದು ಲೆಕ್ಕ ಮಾಡಿಸಲೇಬೇಕು. ಆರರಿಂದ ಎಂಟನೇ ಕ್ಲಾಸಿನ ಮಗುವಿಗೆ ಬಿಸಿಯೂಟದಲ್ಲಿ ದಿನಕ್ಕೆ 150 ಗ್ರಾಂ ಅಕ್ಕಿ. ಬೆಂದ ಮೇಲೆ ಅದು ಎರಡೂವರೆ ಮೂರು ಪಟ್ಟು ತೂಗುತ್ತದೆ. ಬಕೆಟ್ಟಿನಲ್ಲಿ 6 ಕೆಜಿ ಅನ್ನ ಸಿಕ್ಕಿತು ಎನ್ನು, ಹೆಚ್ಚು ಕಡಿಮೆ 2 ಕೆಜಿ ಅಕ್ಕಿ ಹೋಯಿತು. ಹದಿಮೂರು ಮಕ್ಕಳ ಪಾಲು. ಗೊಬ್ಬರ ಮಾಡುವುದು ಆಮೇಲಿನ ಮಾತು. ಮೊದಲು ಸ್ವಲ್ಪ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸುವುದು ಶುರುವಾಗಲಿ. ಅಡುಗೆಯವರನ್ನೂ ಕೂರಿಸಿಕೊಂಡು ಈ ಲೆಕ್ಕ ಮಾಡು. ಇಲ್ಲದಿದ್ದರೆ ತಮ್ಮ ಮೇಲೆ ದೂರು ಬರೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಇನ್ನು ಸ್ವಚ್ಛ ಸಂಕೀರ್ಣ. ಪಂಚಾಯಿತಿಯ ಅಧಿಕಾರಿ ಪಿಡಿಒ ಅವರಿಗೆ ಮುಖ್ಯೋಪಾಧ್ಯಾಯರ ಸಹಿ ಇರುವ ಪತ್ರ ಕೊಟ್ಟು, ಕಸ ತರುವ ವಾಹನ ಸ್ವಚ್ಛವಾಹಿನಿ ಬಂದು ಇಳಿಸುವ ಹೊತ್ತು ಯಾವುದು ಎಂದು ಕೇಳಿಕೊ. ಆ ಹೊತ್ತಿಗೇ ಹೋಗಬೇಕು. ಮಧ್ಯಾಹ್ನ ಹೋದರೆ ಕಟ್ಟಿಟ್ಟ ಚೀಲಗಳ ಸಾಲು ಮಾತ್ರ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಸೋಮವಾರ ಬೇಡ, ಭಾನುವಾರದ ಬಾಡಿನ ಕಸ ಇರುತ್ತದೆ.

ಬಂದ ಕಸವನ್ನು ಮಕ್ಕಳ ಕೈಯಲ್ಲಿ ಬೇರ್ಪಡಿಸಬಾರದು. ಇದರಲ್ಲಿ ಯಾರು ಒತ್ತಾಯಿಸಿದರೂ ಬಗ್ಗಬೇಡ. ಬ್ಲೇಡು, ಸೂಜಿ, ಒಡೆದ ಬಲ್ಬು, ಪ್ಯಾಡು, ಡಯಾಪರ್ ಎಲ್ಲ ಅದರಲ್ಲೇ ಇರುತ್ತವೆ. ಗ್ಲೌಸ್ ಹಾಕಿಸುತ್ತೇನೆ ಎನ್ನುತ್ತೀಯೇನೋ, ದೊಡ್ಡವರ ಅಳತೆಯ ಗ್ಲೌಸ್ ಮಕ್ಕಳ ಕೈಯಲ್ಲಿ ಜಾರುತ್ತದೆ, ಸೂಜಿಯನ್ನಂತೂ ತಡೆಯುವುದಿಲ್ಲ. ಅವರು ಮುಟ್ಟುವುದಕ್ಕೆ ಶಾಲೆಯ ಪ್ಲಾಸ್ಟಿಕ್ ಚೀಲವನ್ನು ತೊಳೆದು ಒಣಗಿಸಿ ಜೊತೆಗೆ ಒಯ್ಯಿ. ಚಪ್ಪಲಿ ಬೇಡ, ಶೂ ಇರಲಿ. ಒಣ ಕಸವನ್ನು ಒತ್ತಿ ಕಟ್ಟುವ ಬೇಲಿಂಗ್ ಯಂತ್ರ ಇದ್ದರೆ ದೂರದಿಂದ ನೋಡಲಿ. ಎಂಟೆಂಟು ಮಕ್ಕಳ ಐದು ಗುಂಪು ಮಾಡು.

ಅಲ್ಲಿ ಮಾಡಿಸಲು ನನಗೆ ತುಂಬ ಇಷ್ಟವಾದದ್ದು ನೀರಿನ ಪರೀಕ್ಷೆ. ಒಂದು ನೀರಿನ ಬಾಟಲಿಯ ಮೈಯನ್ನು ಹೆಬ್ಬೆರಳಿನ ಉಗುರಿನಷ್ಟು ತುಂಡು ಮಾಡು. ಅದರ ಮುಚ್ಚಳ, ಕತ್ತಿನ ಉಂಗುರ, ಹಾಲಿನ ಕವರಿನ ಒಂದು ತುಂಡನ್ನೂ ಹಾಗೇ ಕತ್ತರಿಸು. ಅರ್ಧ ಬಕೆಟ್ ನೀರಿಗೆ ಒಂದೆರಡು ಹನಿ ಸೋಪು ಹಾಕಿ ಎಲ್ಲವನ್ನೂ ಬೆರಳಿನಿಂದ ಅದ್ದಿ ಬಿಡಲಿ. ಸೋಪು ಯಾಕೆಂದರೆ ತುಂಡಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಮುಳುಗಬೇಕಾದ್ದೂ ತೇಲುತ್ತದೆ. ಬಾಟಲಿಯ ಮೈ ತಳ ಸೇರುತ್ತದೆ, ಮುಚ್ಚಳ ತೇಲುತ್ತದೆ, ಹಾಲಿನ ಕವರೂ ತೇಲುತ್ತದೆ. ಬಾಟಲಿ ಪೆಟ್ ಎನ್ನುವ ಪ್ಲಾಸ್ಟಿಕ್, ಅದರ ಮೇಲೆ ಅಚ್ಚಾದ ತ್ರಿಕೋನದೊಳಗಿನ ಅಂಕಿ 1. ಮುಚ್ಚಳ ಎಚ್‌ಡಿಪಿಇ ಎನ್ನುವ ಗಟ್ಟಿ ಪಾಲಿಥೀನ್ ಆಗಿದ್ದರೆ 2, ಪಾಲಿಪ್ರೊಪಿಲೀನ್ ಆಗಿದ್ದರೆ 5. ಹಾಲಿನ ಕವರು ಪಾಲಿಥೀನ್. ಒಂದೇ ಬಾಟಲಿಯಲ್ಲಿ ಎರಡು ಜಾತಿ ಇದೆ ಎಂದು ಮಕ್ಕಳ ಕಣ್ಣಿಗೇ ಕಾಣುತ್ತದೆ. ಆಮೇಲೆ ಚಿಪ್ಸ್ ಪ್ಯಾಕೆಟ್ಟಿನ ಅಂಚನ್ನು ನಿಧಾನವಾಗಿ ಹರಿಯಲಿ. ಒಳಗಿನ ಬೆಳ್ಳಿ ಬಣ್ಣ ಅಲ್ಯೂಮಿನಿಯಂ ಲೇಪ, ಅದರ ಎರಡೂ ಕಡೆ ಪ್ಲಾಸ್ಟಿಕ್ ಪದರ. ಇದು ಕಾರ್ಖಾನೆಯಲ್ಲೇ ಬೆರೆತು ಬಂದದ್ದು, ಇಲ್ಲಿ ಯಾರಿಂದಲೂ ಬಿಡಿಸಲಾಗದು. ಹಾಗಾಗಿ ಇದಕ್ಕೆ ಇರುವ ದಾರಿ ಕೊಳ್ಳದೇ ಇರುವುದು.

ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬಾರದು ಎನ್ನುವುದನ್ನೂ ಅಲ್ಲೇ ತೋರಿಸು. ಆ ಪುಟ್ಟ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ಸೀಳು ಮಾತ್ರ ಹಾಕಿ ಮೂಲೆ ಕವರಿಗೇ ಅಂಟಿಕೊಂಡಿರಲಿ; ಹಾಲು ಬಗ್ಗಿಸಿ, ತೊಳೆದು, ಕವುಚಿ ಒಣಗಿಸಿದರೆ ಆಯಿತು.

ವಾಹನ ಓಡಿಸುವ, ಬೇರ್ಪಡಿಸುವ ಅಕ್ಕಂದಿರು ಹತ್ತು ನಿಮಿಷ ಮಾತಾಡುವಂತೆ ಮೊದಲೇ ಕೇಳಿಕೊ. ಸಾರು ಮೆತ್ತಿದ ಪೇಪರಿಗೂ ಒಣ ಪೇಪರಿಗೂ ಏನು ವ್ಯತ್ಯಾಸ, ಯಾವುದನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ ಎನ್ನುವುದು ಅವರ ಬಾಯಲ್ಲೇ ಬರಲಿ. ಅವರ ಎದುರು ಮೂಗು ಮುಚ್ಚಿಕೊಳ್ಳಬಾರದು ಎಂದು ಮಕ್ಕಳಿಗೆ ಬಸ್ಸಿನಲ್ಲೇ ಹೇಳಿಬಿಡು.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಚಿತ್ರಾನ್ನ ಅಥವಾ ಪುಳಿಯೋಗರೆ ಸ್ಟೀಲ್ ಡಬ್ಬಿಯಲ್ಲಿ, ಒಬ್ಬೊಬ್ಬರಿಗೆ ಒಂದು ಲೋಟ. 20 ಲೀಟರಿನ ಒಂದು ಕ್ಯಾನ್ ನಲವತ್ತು ಮಕ್ಕಳಿಗೆ ಅರ್ಧ ಅರ್ಧ ಲೀಟರ್ ಆಗುತ್ತದೆ ಅಷ್ಟೆ, ಕುಡಿಯಲು ಎರಡು ಕ್ಯಾನ್ ಬೇಕು. ಕೈ ತೊಳೆಯಲು ಬೇರೆ ನೀರು, ಸೋಪು. ತೋಟದಲ್ಲಿ ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಎಲ್ಲಿದೆ ಎಂದು ನೀನೇ ಮುಂಚೆ ಹೋಗಿ ನೋಡಿ ಬಾ.

ತೋಟಕ್ಕೆ ಮಧ್ಯಾಹ್ನ ಹೋಗಿ. ಅರೇಬಿಕಾ ಹಣ್ಣು ಕೊಯ್ದು, ಅಳತೆಯಾಗಿ, ಪಲ್ಪರಿಗೆ ಬೀಳುವುದು ಸಾಮಾನ್ಯವಾಗಿ ಸಂಜೆ ಕಡೆಗೆ. ಮೂರು ಗಂಟೆಗೆ ಒಂದಿಷ್ಟು ಹಣ್ಣು ಹಾಕಿ ಓಡಿಸಿ ತೋರಿಸಿ ಎಂದು ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರನ್ನು ಕೇಳಿಕೊ. ಯಂತ್ರಕ್ಕಿಂತ ಮೊದಲು ಕೈಕೆಲಸ ಇರಲಿ: ಪ್ರತಿ ಗುಂಪಿಗೂ ಒಂದು ಕೆಜಿ ಹಣ್ಣು ಕೊಟ್ಟು ಹಿಚುಕಿಸು. ಎರಡು ಬೆರಳಲ್ಲಿ ಒತ್ತಿದರೆ ಬೀಜ ಪುಳಕ್ಕನೆ ಹೊರಬರುತ್ತದೆ, ಬೆರಳು ಅಂಟಂಟಾಗುತ್ತದೆ. ಸಿಪ್ಪೆ ಬೇರೆ ತೂಗಿದರೆ 400 ಗ್ರಾಮಿನ ಆಸುಪಾಸು ಬರುತ್ತದೆ. ಐದಾರು ಕೆಜಿ ಹಣ್ಣಿನಿಂದ ಕೊನೆಗೆ ಸಿಗುವ ಒಣಬೀಜ ಒಂದೇ ಕೆಜಿ. ಮಿಕ್ಕದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಅವರೇ ಕೇಳುತ್ತಾರೆ.

ಆ ಅಂಟಿನಲ್ಲಿ ಇರುವುದು ಸಕ್ಕರೆ. ಸಿಪ್ಪೆ, ಲೋಳೆ ನೀರಿನಲ್ಲಿ ನೆನೆದರೆ ಸಕ್ಕರೆಯೆಲ್ಲ ನೀರಿಗೆ ಇಳಿದು ಹುಳಿಯುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಖಾಲಿ ಮಾಡುತ್ತವೆ, ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ಹೇಮಾವತಿ ಹುಟ್ಟುವುದು ನಿಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ, ಅಲ್ಲಿನ ಹಳ್ಳದ ನೀರು ಸಕಲೇಶಪುರ ದಾಟಿ ಗೊರೂರಿನ ಅಣೆಕಟ್ಟಿಗೆ ಹೋಗುತ್ತದೆ. ನಕಾಶೆಯಲ್ಲಿ ಬೆರಳಿಟ್ಟು ತೋರಿಸು. ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಕಾಗದದಿಂದ (ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಮೂರು ನೀರು ನೋಡಲಿ: ನಲ್ಲಿ ನೀರು, ಹಿಂದಿನ ದಿನದ ಪಲ್ಪಿಂಗ್ ನೀರು, ಹುಳಿ ತಗ್ಗಿಸಲು ಸುಣ್ಣ ಹಾಕಿದ ತೊಟ್ಟಿಯ ನೀರು. ಮೊದಲನೆಯದು 7ರ ಸುತ್ತಮುತ್ತ, ಎರಡನೆಯದು 4ರ ಹತ್ತಿರ ಬರುತ್ತದೆ, ಮೂರನೆಯದು ಮತ್ತೆ 7ರ ಕಡೆಗೆ ಏರಿರಬೇಕು. ಹಿಂದಿನ ದಿನದ ನೀರೇ ಬೇಕು, ಆಗಷ್ಟೇ ಬಂದದ್ದು ಇನ್ನೂ ಹುಳಿತಿರುವುದಿಲ್ಲ. ಸುಣ್ಣದ ಚೀಲದ ಹತ್ತಿರ ಯಾರೂ ಸುಳಿಯಬಾರದು, ಕಣ್ಣಿಗೆ ಬಿದ್ದರೆ ಸುಡುತ್ತದೆ. ತೊಟ್ಟಿಯ ನೀರನ್ನು ತೋಟದವರೇ ಮಗ್ಗಿನಲ್ಲಿ ತೆಗೆದು ಕೊಡಲಿ.

ಸಿಪ್ಪೆಯನ್ನು ನೀರಿನಿಂದ ಬೇಗ ಬೇರೆ ಮಾಡಿ ಗುಡ್ಡೆ ಹಾಕಿದ್ದರೆ ಅದೇ ಗೊಬ್ಬರ. ಗುಡ್ಡೆಗೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಸು. ಒಳಗೆ 55–60 ಡಿಗ್ರಿ ಇದ್ದರೆ ಸರಳು ಹಿಡಿಯಲಾಗದಷ್ಟು ಬಿಸಿ, ಹಾಗಾಗಿ ಮೊದಲು ನೀನು ಮುಟ್ಟಿ ನೋಡಿ ಆಮೇಲೆ ಮಕ್ಕಳಿಗೆ ಕೊಡು.

ಬರುವಾಗ ಎರಡು ಚೀಲ ಸಿಪ್ಪೆ ಕೇಳಿ ತಂದು ಶಾಲೆಯ ಗೊಬ್ಬರಕ್ಕೆ ಸೇರಿಸು. ಗುಂಡಿ ತೋಡಿಸಬೇಡ, ಜೂನ್ ಬಂದರೆ ಅದು ನೀರಿನ ಹೊಂಡ. ನೆಲದ ಮೇಲೆ ಮೂರಡಿ ಅಗಲದ ಸಿಮೆಂಟ್ ರಿಂಗ್ ಎರಡು ಪೇರಿಸಿ, ಕೆಳಗೆ ಇಟ್ಟಿಗೆ ಚೂರು ಹಾಕಿ, ಮೇಲೆ ಶೀಟ್ ಮುಚ್ಚಿಸು. ಒಂದು ಬಕೆಟ್ ಹಸಿಗೆ ಎರಡು ಬಕೆಟ್ ಒಣ ಎಲೆ, ಒಂದು ಹಿಡಿ ಸಗಣಿ. ಸಿಪ್ಪೆಯಾಗಲಿ ಅನ್ನವಾಗಲಿ ಒಂದನ್ನೇ ಸುರಿದರೆ ಉಂಡೆಗಟ್ಟಿ ಗಾಳಿ ಆಡದೆ ನಾರುತ್ತದೆ, ಅನ್ನವನ್ನು ಎಲೆಯೊಂದಿಗೆ ಕಲಸಿಯೇ ಹಾಕಬೇಕು. ಸಿಲ್ವರ್ ಓಕ್ ಎಲೆ ಬೇಗ ಕೊಳೆಯುವುದಿಲ್ಲ, ಕತ್ತರಿಸಿ ಹಾಕಿಸು. ವಾರಕ್ಕೊಮ್ಮೆ ಮಗುಚಿ, ಒಂದು ಹಿಡಿ ತೆಗೆದು ಹಿಂಡಿಸು: ಒಂದೆರಡು ಹನಿ ಬಂದರೆ ಹದ, ಸುರಿದರೆ ಒಣ ಎಲೆ ಬೇಕು, ಪುಡಿಯಾದರೆ ನೀರು ಬೇಕು. ಮೂಗಿಗೆ ಘಾಟು ಹೊಡೆದರೂ ಮದ್ದು ಒಣ ಎಲೆಯೇ. ಗೊಬ್ಬರ ಆಯಿತೋ ಇಲ್ಲವೋ ಎನ್ನುವುದಕ್ಕೆ ಅದನ್ನು ಅರ್ಧ ಮಣ್ಣಿನ ಜೊತೆ ಕಲಸಿ ಹತ್ತು ಹೆಸರುಕಾಳು ಹಾಕಿ ನೋಡಲಿ. ಮೊಳಕೆ ಹಳದಿಯಾಗಿ ಸೊರಗಿದರೆ ಇನ್ನೂ ಮಾಗಬೇಕು.

ಒಣ ಎಲೆಯನ್ನು ಫೆಬ್ರವರಿ, ಮಾರ್ಚಿನಲ್ಲೇ ಹತ್ತಿಪ್ಪತ್ತು ಚೀಲ ತುಂಬಿ ಒಳಗಿಡಿಸು. ಜುಲೈ ಮಳೆಯಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ, ಆ ಒಂದು ಕಾರಣಕ್ಕೇ ಶಾಲೆಗಳ ಗೊಬ್ಬರದ ರಿಂಗು ನಾರಲು ಶುರುವಾಗಿ ನಿಂತುಹೋಗುವುದು.

ಬಸ್ಸಿಗೆ ಮುಂಗಡ ಕೊಡುವ ಮೊದಲು ರೈಟರಿಗೆ ಇನ್ನೊಮ್ಮೆ ಫೋನ್ ಮಾಡು. ಸಂತೆ ದಿನ ತೋಟಕ್ಕೆ ರಜೆ ಇದ್ದರೆ ಹಣ್ಣು ಕೊಯ್ಯುವುದಿಲ್ಲ, ಪಲ್ಪರೂ ಓಡುವುದಿಲ್ಲ.

ಇಂತಿ,
ನಿನ್ನ ಅಮ್ಮ