ನೀರು ಹಾಕಲು ಆಗದವರು ನಮ್ಮ ಸಸಿ ಯಾಕೆ ಕೇಳಿದರು?

ಮಾನ್ಯರೇ,

ಸಸಿ ನೆಡುವ ಕಾರ್ಯಕ್ರಮ ಯಶಸ್ವಿ ಆಯಿತು ಎಂಬ ನಿನ್ನೆಯ ವರದಿ ಓದಿ ಮೈ ಉರಿಯಿತು. ಫೋಟೊದಲ್ಲಿ ಗುದ್ದಲಿ ಹಿಡಿದವರೆಲ್ಲ ಇದ್ದಾರೆ. ಅವರ ಬೆನ್ನ ಹಿಂದೆ ಗೋಡೆ ಪಕ್ಕ ಒಣಗಿ ಬಿದ್ದಿದ್ದ ನಮ್ಮ ಸಸಿಗಳ ಬಗ್ಗೆ ಒಂದು ಸಾಲೂ ಇಲ್ಲ.

ಮನೆಯಲ್ಲೇ ಸ್ಥಳೀಯ ಗಿಡ ಬೆಳೆಸಿ ಕೊಡಿ, ನಾವು ನೆಡುತ್ತೇವೆ ಎಂದು ಕೇಳಿದ್ದು ಕಾರ್ಯಕ್ರಮ ನಡೆಸಿದ ಈ ಅಧಿಕಾರಿಗಳೇ. ಹೋದ ಮಳೆಗಾಲದಿಂದಲೇ ಶುರು ಮಾಡಿದೆ. ನೇರಳೆ ಬೀಜ ಜಾಸ್ತಿ ದಿನ ಇಟ್ಟರೆ ಹುಟ್ಟುವುದಿಲ್ಲ. ಹಣ್ಣು ಸಿಕ್ಕ ಕೂಡಲೇ ತಿರುಳು ತೊಳೆದು ಬಿತ್ತಬೇಕು. ಒಂದೇ ಬೀಜದಿಂದ ಕೆಲವು ಸಲ ಎರಡು ಮೂರು ಮೊಳಕೆ ಬರುತ್ತವೆ. ಗಟ್ಟಿ ಇರುವುದನ್ನು ಬಿಟ್ಟು ಉಳಿದದ್ದನ್ನು ಕಿತ್ತುಬಿಡಿ ಅಂದರು ಕೆಲವರು. ನನಗೆ ಮನಸ್ಸು ಬರಲಿಲ್ಲ. ಚಮಚದ ಹಿಡಿಯಿಂದ ಮೆಲ್ಲಗೆ ಬಿಡಿಸಿ ಬೇರೆ ಕವರಿಗೆ ಹಾಕಿದೆ. ಅಂಟುವಾಳದ ಬೀಜವಂತೂ ಕಲ್ಲು. ಒರಟು ನೆಲಕ್ಕೆ ಒಂದೊಂದನ್ನೇ ಉಜ್ಜಿ, ನೆನೆಸಿ ಹಾಕಿದೆ. ಬೆರಳ ತುದಿ ಸುಲಿದುಹೋಯಿತು. ಹೊಂಗೆ, ನೇರಳೆ, ಅಂಟುವಾಳ ಸೇರಿ 120 ಕವರು. ಒಂದು ವರ್ಷ ಮಹಡಿ ಮೇಲೆ ಬಟ್ಟೆ ಒಣಹಾಕಲು ಜಾಗ ಇರಲಿಲ್ಲ. ಬೇಸಿಗೆಯಲ್ಲಿ ಒಂದು ರಾತ್ರಿಯೂ ಮನೆ ಬಿಟ್ಟು ಹೋಗಲಿಲ್ಲ.

ಒಂದು ವಾರ ಮುಂಚೆಯೇ ತಂದುಕೊಡಿ, ನೀರು ಹಾಕುತ್ತೇವೆ ಅಂದರು. ಮೂರು ಸಲ ಗಾಡಿ ಮಾಡಿಕೊಂಡು 90 ಸಸಿ ಒಯ್ದೆ. ಭಾನುವಾರ ಹೋಗಿ ನೋಡಿದರೆ, ಇಟ್ಟಲ್ಲೇ ಇವೆ. ಒಂದರ ಮೇಲೊಂದು ಒರಗಿವೆ. ಮಣ್ಣು ಕವರಿನಿಂದ ಬಿಟ್ಟು ಇಟ್ಟಿಗೆ ಹಾಗಾಗಿದೆ. ನೇರಳೆ ಎಲೆ ಮುಟ್ಟಿದರೆ ಪುಡಿ. ತೋಡಿದ ನಾಲ್ಕಾರು ಗುಂಡಿಗೆ ನೆಟ್ಟಿದ್ದು ಲಾರಿಯಲ್ಲಿ ಬಂದ ಗುಲ್‌ಮೊಹರ್ ಮತ್ತು ಅಕೇಶಿಯಾ. ಒಂದು ಮಡಗಾಸ್ಕರ್ ಕಡೆಯದು, ಇನ್ನೊಂದು ಆಸ್ಟ್ರೇಲಿಯಾ ಕಡೆಯದು. ಸ್ಥಳೀಯ ಗಿಡ ಅಂದರೆ ಇದೇನಾ?

ಮನೆಯಲ್ಲಿ ಇನ್ನೂ 30 ಉಳಿದಿವೆ. ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಾರೆ. ಸಸಿ ಏನು ಫೈಲಾ, ಕಪಾಟಿನಲ್ಲಿಡಲು? ಕವರಿನಲ್ಲೇ ಬಿಟ್ಟರೆ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಆಮೇಲೆ ನೆಟ್ಟರೂ ಗಾಳಿಗೆ ಗಟ್ಟಿಯಾಗಿ ನಿಲ್ಲುವುದಿಲ್ಲ.

ಇವರದು ಇದೇ ಮೊದಲಲ್ಲ. ರಸ್ತೆ ಬದಿಯ ಮರಗಳ ಬುಡಕ್ಕೆ ಕಾಂಕ್ರೀಟ್ ಸುರಿದಾಗ ಅರ್ಜಿ ಕೊಟ್ಟೆ. ಇವತ್ತಿಗೂ ಉತ್ತರ ಇಲ್ಲ. ಹಿಂದೆ ನೆಟ್ಟ ಗಿಡಗಳಿಗೆ ಬೇಲಿ ಹಾಕಿ ಅಂದರೆ, ಅದು ನಮ್ಮ ವಿಭಾಗ ಅಲ್ಲ ಅಂದರು. ಫೋನ್ ಮಾಡಿದರೆ ಎತ್ತುವುದೇ ಇಲ್ಲ.

ಬದುಕಿರುವ ಸಸಿಗಳನ್ನು ಈ ಮಳೆಯಲ್ಲೇ ನೆಡಲಿ. ಇಲ್ಲವೇ ವಾಪಸ್ ಕೊಡಲಿ, ನಾವೇ ಜಾಗ ಹುಡುಕುತ್ತೇವೆ. ಆ ಕಾಂಕ್ರೀಟನ್ನೂ ಒಡೆಸಲಿ. ಮೇಲಿನವರು ಯಾರಾದರೂ ಬಂದು ಆ ಗೋಡೆ ಪಕ್ಕ ಒಮ್ಮೆ ನಿಂತು ನೋಡಲಿ. ಏಳು ದಿನ, ದಿನಕ್ಕೊಂದು ಕೊಡ ನೀರು. ಅಷ್ಟೂ ಆಗಲಿಲ್ವಾ ಇವರಿಗೆ?

– ಸಸಿ ಬೆಳೆಸಿ ಕೊಟ್ಟ ಓದುಗಿ